ರಿಪೋರ್ಟಿನ ‘ನಾರ್ಮಲ್ ರೇಂಜ್’ ಹೇಳುವುದೇನು?

ಡೊಂಬಿವಲಿಯ ನಮ್ಮ ಕನ್ನಡಿಗರ ವಾಟ್ಸಾಪ್ ಗುಂಪಿಗೆ ಮತ್ತೊಂದು ಬ್ಲಡ್ ರಿಪೋರ್ಟ್ ಬಂದಿದೆ. ಒಂದು ಅಂಕಿ ದಪ್ಪ ಅಕ್ಷರದಲ್ಲಿದೆ, ಪಕ್ಕದಲ್ಲಿ ‘ಎಚ್’ (ಹೈ, ಅಂದರೆ ಜಾಸ್ತಿ) ಅಂತಿದೆ. ಕೆಳಗೆ ಎಲ್ಲರೂ ‘ಅಬ್‌ನಾರ್ಮಲ್’ ಅನ್ನುತ್ತಿದ್ದಾರೆ, ಕಾಯಿಲೆಯ ಹೆಸರನ್ನೂ ಹೇಳುತ್ತಿದ್ದಾರೆ. ಇದು ನಿಲ್ಲಬೇಕು.

ಅಂಕಿಯ ಎದುರು ಅಚ್ಚಾಗುವ ‘ನಾರ್ಮಲ್ ರೇಂಜ್’ ಹುಟ್ಟುವ ಬಗೆ ನೋಡಿ. ಆರೋಗ್ಯವಾಗಿರುವವರನ್ನೇ, ಸಾಮಾನ್ಯವಾಗಿ ಕನಿಷ್ಠ 120 ಮಂದಿಯನ್ನು, ಆರಿಸಿ ಪರೀಕ್ಷೆ ಮಾಡುತ್ತಾರೆ. ಬಂದ ಅಂಕಿಗಳಲ್ಲಿ ಕೆಳಗಿನ ಶೇ. 2.5, ಮೇಲಿನ ಶೇ. 2.5 ಬಿಟ್ಟು ನಡುವಿನ ಶೇ. 95 ಇಟ್ಟುಕೊಳ್ಳುತ್ತಾರೆ. ಬಿಟ್ಟವರೂ ಆರೋಗ್ಯವಂತರೇ ಅಲ್ವಾ? ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆ ಮಾಡಿಸಿದರೆ, ಏನೂ ತೊಂದರೆ ಇಲ್ಲದವರಿಗೂ ಒಂದಾದರೂ ಅಂಕಿ ಹೊರಗೆ ಬೀಳುವ ಸಾಧ್ಯತೆ ಸುಮಾರು ಶೇ. 64. ಫುಲ್ ಬಾಡಿ ಪ್ಯಾಕೇಜುಗಳಲ್ಲಿ ಪರೀಕ್ಷೆಗಳು ಅದಕ್ಕಿಂತ ಎಷ್ಟೋ ಜಾಸ್ತಿ.

‘ನಾರ್ಮಲ್’ ಎಂಬ ಮಾತು ದಾರಿ ತಪ್ಪಿಸುತ್ತದೆ ಎಂದೇ ಫಿನ್ಲೆಂಡಿನ ವಿಜ್ಞಾನಿಗಳಾದ ಗ್ರಾಸ್‌ಬೆಕ್ ಮತ್ತು ಸಾರಿಸ್ 1969ರಲ್ಲಿ ‘ರೆಫರೆನ್ಸ್’ ಎಂಬ ಪದವನ್ನು ಮುಂದಿಟ್ಟರು. ಅಂದರೆ ಹೋಲಿಸಿ ನೋಡಲು ಒಂದು ಅಳತೆ, ಅಷ್ಟೇ. ಎಷ್ಟೋ ಲ್ಯಾಬುಗಳು ಅದನ್ನೇ ಅಚ್ಚು ಹಾಕುತ್ತವೆ, ನಾವು ಮಾತ್ರ ‘ನಾರ್ಮಲ್’ ಬಿಡುತ್ತಿಲ್ಲ.

ಇನ್ನೊಂದು ಗೊಂದಲ ಇದಕ್ಕಿಂತ ದೊಡ್ಡದು. ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಪರೀಕ್ಷೆ) ಮತ್ತು ಕೊಲೆಸ್ಟ್ರಾಲ್ ಎದುರು ಅಚ್ಚಾಗುವ ಅಂಕಿಗಳು ಹೀಗೆ ಹುಟ್ಟಿದವೇ ಅಲ್ಲ. ಎಚ್‌ಬಿಎ1ಸಿ ಶೇ. 6.5 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಡಯಾಬಿಟಿಸ್ ಅನ್ನುವುದು, ಆ ಮಟ್ಟದ ಆಸುಪಾಸಿನಿಂದ ಕಣ್ಣಿನ ರೆಟಿನಾಗೆ ಹಾನಿ ಜಾಸ್ತಿಯಾಗುವುದರಿಂದ. ಎಲ್‌ಡಿಎಲ್ ಎಂಬ ‘ಕೆಟ್ಟ’ ಕೊಲೆಸ್ಟ್ರಾಲಿನ ಗಡಿ ನಿಂತಿರುವುದು ಹೃದಯದ ಕಾಯಿಲೆಯ ಅಪಾಯದ ಮೇಲೆ. ಅದಕ್ಕೇ ಒಮ್ಮೆ ಹಾರ್ಟ್ ಅಟ್ಯಾಕ್ ಆದವರ ಗುರಿ ಬೇರೆ, ಆಗದವರದ್ದು ಬೇರೆ. ಇಲ್ಲಿ ‘ಸ್ವಲ್ಪ ತಾನೇ ಜಾಸ್ತಿ’ ಎಂದು ಸುಮ್ನೆ ಬಿಡುವುದು ಸರಿಯಲ್ಲ.

ರೇಂಜಿನ ಒಳಗಿದ್ದರೆ ನಿಶ್ಚಿಂತೆ ಅನ್ನುವುದೂ ತಪ್ಪು. ಗಂಡಸರಿಗೆ ಹಿಮೋಗ್ಲೋಬಿನ್ 13ಕ್ಕಿಂತ ಕಡಿಮೆಯಾದರೆ ರಕ್ತಹೀನತೆ. ಆದರೆ ಯಾವಾಗಲೂ 16 ಇರುತ್ತಿದ್ದವರಿಗೆ 13.2 ಬಂತೆಂದರೆ, ದಪ್ಪ ಅಕ್ಷರ ಇಲ್ಲದಿದ್ದರೂ ಡಾಕ್ಟರ್ ಕಾರಣ ಹುಡುಕುತ್ತಾರೆ. ಕಿಡ್ನಿ ಹೊರಹಾಕುವ ಕಸವಾದ ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುಗಳಿಂದ. ಸೊರಗಿದ ಅಜ್ಜಿಗೆ ಕಿಡ್ನಿ ಸೋಲುತ್ತಿದ್ದರೂ ಅಂಕಿ ಚೆನ್ನಾಗಿಯೇ ಕಾಣಬಹುದು. ಬೆಳೆಯುವ ಮಕ್ಕಳ ಆಲ್ಕಲೈನ್ ಫಾಸ್ಫಟೇಸನ್ನು (ಲಿವರ್, ಮೂಳೆಗಳಿಂದ ಬರುವ ಒಂದು ಕಿಣ್ವ) ದೊಡ್ಡವರ ರೇಂಜಿಗೆ ಹೋಲಿಸಿ ಹೆದರಬೇಡಿ. ಮೂಳೆ ಬೆಳೆಯುವಾಗ ಅದು ಏರಿಯೇ ಇರುತ್ತದೆ.

ದಾದರಿನ ಲ್ಯಾಬಿನ ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ) ರೇಂಜ್ ಠಾಣೆಯದಕ್ಕೆ ಹೊಂದದೇ ಇರಬಹುದು. ಯಂತ್ರ ಬೇರೆ, ವಿಧಾನ ಬೇರೆ. ಆದಷ್ಟು ಒಂದೇ ಲ್ಯಾಬಿನಲ್ಲಿ ಮಾಡಿಸಿ. ಡಾಕ್ಟರ ಹತ್ತಿರ ಹೋಗುವಾಗ ಹಳೆಯ ರಿಪೋರ್ಟುಗಳನ್ನೂ ಒಯ್ಯಿರಿ.