ಟ್ರೈಪಾಡ್ ಇದ್ದರೂ ರಾತ್ರಿ ದೋಣಿಯ ಫೋಟೊ ಮಸುಕಾಗುವುದು ಯಾಕೆ?

ಪ್ರಶ್ನೆ: ಪ್ರವಾಸದಲ್ಲಿ ರಾತ್ರಿ ಹೊತ್ತು ದೋಣಿಗಳ ಫೋಟೊ ತೆಗೆದರೆ ಹಿಂದಿನ ಕಟ್ಟಡಗಳೆಲ್ಲ ಚೊಕ್ಕವಾಗಿ ಬರುತ್ತವೆ, ದೋಣಿ ಮಾತ್ರ ಮಸುಕು. ಟ್ರೈಪಾಡ್ ಕೂಡ ಇದೆ. ಎಲ್ಲಿ ತಪ್ಪುತ್ತಿದ್ದೇನೆ?

ಟ್ರೈಪಾಡ್ ಹಿಡಿದಿಡುವುದು ಕ್ಯಾಮೆರಾವನ್ನು, ದೋಣಿಯನ್ನಲ್ಲ ಅಲ್ವಾ? ಹಗ್ಗ ಕಟ್ಟಿ ನಿಲ್ಲಿಸಿದ ದೋಣಿಯೂ ಅಲೆಗೆ ಸುಮ್ನೆ ಆಡುತ್ತಲೇ ಇರುತ್ತದೆ. ಶಟರ್ (ಕ್ಯಾಮೆರಾದೊಳಗೆ ಬೆಳಕು ಬಿಡುವ ಪರದೆ) 10 ಸೆಕೆಂಡ್ ತೆರೆದಿಟ್ಟರೆ ಕಟ್ಟಡ ನಿಂತಲ್ಲೇ ನಿಂತಿರುತ್ತದೆ, ದೋಣಿ ಅಷ್ಟರಲ್ಲಿ ಹಲವು ಸಲ ವಾಲಿ ಎದ್ದಿರುತ್ತದೆ.

ಹಾಗಾಗಿ ಶಟರ್ ಸಮಯ ಇಳಿಸಿ. ನೀರು ಶಾಂತವಾಗಿದ್ದರೆ ಅರ್ಧ ಸೆಕೆಂಡ್ ನಡೆಯಬಹುದು, ಅಲೆ ಇದ್ದರೆ 1/15 ಅಥವಾ ಇನ್ನೂ ಕಮ್ಮಿ. ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಬರುವ ಕಿಂಡಿ) ಪೂರ್ತಿ ತೆರೆಯಿರಿ, ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಎಂಬ ಅಳತೆ) 1600ರಿಂದ 6400ರವರೆಗೆ ಏರಿಸಲು ಅಂಜಬೇಡಿ. ಫೋಟೊ ಸ್ವಲ್ಪ ಕಾಳುಕಾಳಾಗುತ್ತದೆ, ಆಗಲಿ ಬಿಡಿ, ಅದನ್ನು ಆಮೇಲೆ ಕಮ್ಮಿ ಮಾಡಬಹುದು, ಅಲ್ಲಾಡಿದ ದೋಣಿಯನ್ನು ಸರಿ ಮಾಡುವುದು ಮಾತ್ರ ತುಂಬ ಕಷ್ಟ. ಒಂದೇ ಫೋಟೊಗೆ ನಿಲ್ಲಿಸದೆ ಸಾಲಾಗಿ ಹತ್ತಾರು ತೆಗೆಯಿರಿ. ಉಯ್ಯಾಲೆ ತುದಿ ಮುಟ್ಟಿ ವಾಪಸ್ ಬರುವ ಮುಂಚೆ ಒಂದು ಕ್ಷಣ ನಿಲ್ಲುತ್ತದಲ್ಲ, ದೋಣಿಯೂ ಹಾಗೇ. ಆ ಕ್ಷಣ ಸಿಕ್ಕ ಫೋಟೊ ಉಳಿದವಕ್ಕಿಂತ ಚೂಪಾಗಿರುತ್ತದೆ.

ಇದಕ್ಕಿಂತ ಸುಲಭದ ದಾರಿ ಅಂದರೆ ಬೇಗ ಹೋಗುವುದು. ಸೂರ್ಯ ಮುಳುಗಿ ಅರ್ಧ ಗಂಟೆ ಆಸುಪಾಸಿನಲ್ಲಿ ಆಕಾಶದಲ್ಲಿ ನೀಲಿ ಬೆಳಕು ಉಳಿದಿರುತ್ತದೆ, ದೀಪಗಳೂ ಹತ್ತಿರುತ್ತವೆ. ಪೂರ್ತಿ ಕತ್ತಲಾದ ಮೇಲೆ ದೀಪ ಬಿಳಿ ಚುಕ್ಕೆ, ದೋಣಿ ಕಪ್ಪು ಮುದ್ದೆ, ಅಷ್ಟೇ.

ನಿಮಗೆ 20–30 ಸೆಕೆಂಡಿನ ಫೋಟೊನೇ ಬೇಕೆಂದರೆ ಸಮುದ್ರದ ಇಳಿತದ ಹೊತ್ತು ನೋಡಿಕೊಂಡು ಹೋಗಿ. ನೀರು ಇಳಿದು ಕೆಸರಿನ ಮೇಲೆ ಕೂತ ದೋಣಿ ಅಲ್ಲಾಡುವುದಿಲ್ಲ. ಹಿಂದೆ ಮುಂದೆ ಎರಡೂ ಕಡೆ ಕಟ್ಟಿದ ದೋಣಿ, ಒಂದೇ ಲಂಗರಿನ ಮೇಲೆ ತಿರುಗುತ್ತಿರುವುದಕ್ಕಿಂತ ವಾಸಿ. ಟ್ರೈಪಾಡನ್ನು ಗಟ್ಟಿ ನೆಲದ ಮೇಲೇ ಇಡಿ. ತೇಲುವ ಕಟ್ಟೆಯ ಮೇಲಿಟ್ಟರೆ ನೀವೂ ದೋಣಿಯ ಜೊತೆ ಆಡುತ್ತಿರುತ್ತೀರಿ! ಮೊಬೈಲಿನ ನೈಟ್ ಮೋಡ್ ಹಲವು ಫೋಟೊ ಸೇರಿಸಿ ಒಂದು ಮಾಡುವುದರಿಂದ, ಅದರ ಸೆಕೆಂಡುಗಳನ್ನು ಆದಷ್ಟು ಇಳಿಸಿ.

ಫ್ಲ್ಯಾಶ್ ಬೇಡವೇ ಬೇಡ. ಅದರ ಬೆಳಕು ಕೆಲವೇ ಮೀಟರ್ ಹೋಗುತ್ತದೆ, ಮೇಲಾಗಿ ಕತ್ತಲಲ್ಲಿ ದೋಣಿ ನಡೆಸುವವರ ಕಣ್ಣು ಕುಕ್ಕುತ್ತದೆ.

ಇನ್ನು ಚಲಿಸುವ ದೋಣಿ. ಇಲ್ಲಿ ಮಾತ್ರ ಉದ್ದದ ಶಟರ್ ಚೆಂದ, ದೀಪಗಳು ಗೆರೆಯಾಗುತ್ತವೆ. ದೋಣಿಯ ಎಡಕ್ಕೆ ಕೆಂಪು, ಬಲಕ್ಕೆ ಹಸಿರು ದೀಪ ಇರುತ್ತದೆ. ಎರಡೂ ಒಟ್ಟಿಗೆ ಕಂಡರೆ ಅದು ನಿಮ್ಮ ಕಡೆಗೇ ಬರುತ್ತಿದೆ, ಗೆರೆ ಸಿಗುವುದಿಲ್ಲ. ಹಸಿರು ಮಾತ್ರ ಕಂಡರೆ ನಿಮ್ಮ ಎಡದಿಂದ ಬಲಕ್ಕೆ ದಾಟುತ್ತಿದೆ ಎಂದರ್ಥ, ಫ್ರೇಮಿನ ಬಲಗಡೆ ಜಾಗ ಬಿಟ್ಟು ಶಟರ್ ಒತ್ತಿ.