ಮುಟ್ಟದೆ ಹೊಡೆಯುವ ಬ್ಯಾಕ್ಟೀರಿಯಾ, ನೀರು ನಿಂತ ಮಲ್ಲಿಗೆ ಬುಡ

ಹೋದ ಮಳೆಗಾಲದಲ್ಲಿ ಉಡುಪಿ ಹತ್ತಿರದ ಶಂಕರಪುರ ಕಡೆಯ ಅಕ್ಕ ಒಬ್ಬರು ಒಣಗಿದ ಮಲ್ಲಿಗೆ ಗಿಡವನ್ನು ಬುಡಸಮೇತ ಕಿತ್ತು, ತೊಟ್ಟೆಯಲ್ಲಿ ಹಾಕಿಕೊಂಡು ನಮ್ಮ ಲ್ಯಾಬಿಗೆ ಬಂದಿದ್ದರು. ಒಳಗೆ ಕಾಲಿಟ್ಟವರೇ ಸೆರಗಿನಿಂದ ಮೂಗು ಮುಚ್ಚಿಕೊಂಡರು. "ಎಂತ ಮೇಡಂ ಇದು, ನೀರುಳ್ಳಿ ಕೊಳೆತ ಹಾಗೆ ನಾರ್ತದೆ!" ನಾನು ಆಗಷ್ಟೇ ಸ್ಯೂಡೋಮೊನಾಸ್ ಎಂಬ ಮಣ್ಣಿನ ಒಳ್ಳೆ ಬ್ಯಾಕ್ಟೀರಿಯಾ ಬೆಳೆಸಿದ ತಟ್ಟೆಗಳನ್ನು ಹೊರಗೆ ತೆಗೆದಿದ್ದೆ. ನಮಗೆ ಅಭ್ಯಾಸ ಆಗಿಹೋಗಿದೆ, ಮೂಗಿಗೆ ತಾಗುವುದೇ ಇಲ್ಲ.

ಅವರು ತಂದ ಗಿಡದ ಬುಡದಲ್ಲಿ ಬಿಳಿ ನೂಲಿನಂಥ ಬೂಸ್ಟು, ಅದರ ನಡುವೆ ಸಾಸಿವೆ ಕಾಳಿನಂಥ ಕಂದು ಗುಂಡುಗಳು. ಸ್ಕ್ಲೆರೋಶಿಯಂ ಎಂಬ ಶಿಲೀಂಧ್ರ. ಆ ಗುಂಡುಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಸುಮ್ನೆ ಬಿದ್ದಿರುತ್ತವೆ, ಹಸಿ ಸಿಕ್ಕಿದ ಕೂಡಲೇ ಮೊಳೆಯುತ್ತವೆ. ಅಕ್ಕನಿಗೆ ಬೇಕಿದ್ದದ್ದು ಮದ್ದು. ನಾನು ತೋರಿಸಿದ್ದು ಒಂದು ತಟ್ಟೆ.

ಆ ತಟ್ಟೆಯ ನಡುವೆ ಒಂದು ಸಣ್ಣ ಗೋಡೆ ಇರುತ್ತದೆ. ಒಂದು ಕಡೆ ಬ್ಯಾಕ್ಟೀರಿಯಾ, ಇನ್ನೊಂದು ಕಡೆ ಶಿಲೀಂಧ್ರ. ಒಂದನ್ನೊಂದು ಮುಟ್ಟುವ ಹಾಗಿಲ್ಲ, ಒಬ್ಬರ ನೀರು ಇನ್ನೊಬ್ಬರ ಕಡೆ ಹರಿಯುವ ಹಾಗೂ ಇಲ್ಲ, ಮುಚ್ಚಳದ ಕೆಳಗಿನ ಗಾಳಿ ಮಾತ್ರ ಇಬ್ಬರಿಗೂ ಒಂದೇ. ನಾಲ್ಕೈದು ದಿನ ಬಿಟ್ಟು ನೋಡಿದರೆ, ಒಂಟಿಯಾಗಿ ಬೆಳೆದ ಶಿಲೀಂಧ್ರ ತಟ್ಟೆ ತುಂಬಿರುತ್ತದೆ, ಪಕ್ಕದಲ್ಲಿ ಒಳ್ಳೆ ಬ್ಯಾಕ್ಟೀರಿಯಾ ಇದ್ದದ್ದು ಇಟ್ಟಲ್ಲೇ ಮುದುಡಿಕೊಂಡಿರುತ್ತದೆ. ಗಾಳಿಯಲ್ಲೇ ಪೆಟ್ಟು ಬಿದ್ದಿದೆ, ಅಲ್ವಾ?

ಆ ಗಾಳಿಯಲ್ಲಿ ಎಂತೆಂಥದ್ದೋ ಇರುತ್ತದೆ. ಅಕ್ಕನ ಮೂಗಿಗೆ ಬಡಿದದ್ದು ಗಂಧಕ ಇರುವ ಡೈಮೀಥೈಲ್ ಡೈಸಲ್ಫೈಡ್ ಜಾತಿಯ ಅನಿಲ. ಇದನ್ನೇ ಕಾರ್ಖಾನೆಯಲ್ಲಿ ತಯಾರಿಸಿ ಮಣ್ಣಿಗೆ ಹೊಗೆ ಹಾಕುವ ಮದ್ದಾಗಿ ಬಳಸಲು ಅಮೆರಿಕದಲ್ಲಿ 2010ರಲ್ಲಿ ಅನುಮತಿ ಸಿಕ್ಕಿತು. ಕೆಲವು ಸ್ಯೂಡೋಮೊನಾಸ್ ತಳಿಗಳು ಹೈಡ್ರೋಜನ್ ಸಯನೈಡ್ ಕೂಡ ಬಿಡುತ್ತವೆ. ಹೌದು, ಅದೇ ಸಯನೈಡ್, ಆದರೆ ತೀರಾ ಅತ್ಯಲ್ಪ. ಅದು ಜೀವಕೋಶದ ಉಸಿರಾಟವನ್ನೇ ಕಟ್ಟಿಹಾಕುತ್ತದೆ. ಅದನ್ನು ಪತ್ತೆ ಮಾಡುವುದು ಸುಲಭ: ಪಿಕ್ರಿಕ್ ಆಮ್ಲದಲ್ಲಿ ಅದ್ದಿದ ಹಳದಿ ಕಾಗದವನ್ನು ಮುಚ್ಚಳದ ಒಳಗೆ ಅಂಟಿಸಿಟ್ಟರೆ ಕಾವಿ ಬಣ್ಣಕ್ಕೆ ತಿರುಗುತ್ತದೆ. ಸ್ವಿಟ್ಜರ್ಲೆಂಡಿನ ಮಣ್ಣಿನಿಂದ ಬಂದ ಒಂದು ತಳಿ ತಂಬಾಕಿನ ಬೇರುಕೊಳೆಯನ್ನು ತಡೆಯುವುದರಲ್ಲಿ ಈ ಸಯನೈಡಿನ ಕೈವಾಡ ಇದೆ ಎಂದು 1989ರಲ್ಲೇ ತೋರಿಸಿದ್ದಾರೆ. ಬ್ಯಾಸಿಲಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾದ ಸ್ವಭಾವ ಬೇರೆ. ಅದರ ಕೆಲವು ತಳಿಗಳ ಅನಿಲ ಗಿಡವನ್ನೇ ಬೆಳೆಸುತ್ತದೆ; ಸಾಸಿವೆ ಕುಟುಂಬದ ಒಂದು ಪುಟ್ಟ ಗಿಡವನ್ನು ಇಂಥದ್ದೇ ಗೋಡೆ ತಟ್ಟೆಯಲ್ಲಿಟ್ಟು, ಬ್ಯೂಟೇನ್‌ಡಯಾಲ್ ಎಂಬ ಅನಿಲದಿಂದ ಅದು ದೊಡ್ಡದಾಗುವುದನ್ನು 2003ರಲ್ಲಿ ಕಂಡುಕೊಂಡರು. ಹಾಗೆ ನೋಡಿದರೆ ಎಲ್ಲವೂ ನಾರುವುದಿಲ್ಲ. ಮೊದಲ ಮಳೆಗೆ ಬರುವ ಮಣ್ಣಿನ ಘಮ ಕೂಡ ಸ್ಟ್ರೆಪ್ಟೋಮೈಸಿಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾದ ಜಿಯೋಸ್ಮಿನ್. ಟ್ರೈಕೋಡರ್ಮಾ ತಟ್ಟೆ ತೆರೆದರೆ ಕೆಲವೊಮ್ಮೆ ತೆಂಗಿನಕಾಯಿಯ ಪರಿಮಳ! ಅದು ಬ್ಯಾಕ್ಟೀರಿಯಾ ಅಲ್ಲ, ಶಿಲೀಂಧ್ರವೇ, ಆದರೆ ಆ ಪರಿಮಳವೂ ಬೇರೆ ಶಿಲೀಂಧ್ರಗಳಿಗೆ ಆಗುವುದಿಲ್ಲ.

ಇಷ್ಟು ಕೇಳಿದ ಮೇಲೆ ಅಕ್ಕ ಕೇಳಿದ್ದು ನ್ಯಾಯವಾದ ಪ್ರಶ್ನೆ. "ಹಾಗಾದ್ರೆ ಇದನ್ನೇ ಹಾಕಿದ್ರೆ ಆಯ್ತಲ್ಲ?"

ಆಗುವುದಿಲ್ಲ. ತಟ್ಟೆ ನೋಡಿ ಮರುಳಾಗಬೇಡಿ ಅಂತ ನಾನು ನಮ್ಮ ಲ್ಯಾಬಿನ ಹುಡುಗರಿಗೂ ಹೇಳುತ್ತಿರುತ್ತೇನೆ. ಪೆಪ್ಟೋನ್, ಅಂದರೆ ಅರೆ ಜೀರ್ಣವಾದ ಪ್ರೋಟೀನ್, ಜಾಸ್ತಿ ಇರುವ ಊಟ ಕೊಟ್ಟರೆ ಬ್ಯಾಕ್ಟೀರಿಯಾ ಅಮೋನಿಯಾ ಕಕ್ಕುತ್ತದೆ, ಅದೊಂದೇ ಸಾಕು ಶಿಲೀಂಧ್ರ ಮುದುಡಲು. ಗಿಡದ ಬೇರು ಅಂಥ ಹಬ್ಬದೂಟ ಹಾಕುವುದಿಲ್ಲ. ಇನ್ನೊಂದು, ಮುದುಡಿದ ಶಿಲೀಂಧ್ರವನ್ನು ಎತ್ತಿ ಹೊಸ ತಟ್ಟೆಗೆ ಹಾಕಿದರೆ ಎಷ್ಟೋ ಸಲ ಮತ್ತೆ ಬೆಳೆಯುತ್ತದೆ. ಸತ್ತಿರಲಿಲ್ಲ, ಮಲಗಿತ್ತು ಅಷ್ಟೆ.

ನಮ್ಮ ಊರಿನ ದೊಡ್ಡ ತೊಡಕು ನೀರು. ಅನಿಲ ಓಡಾಡುವುದು ಮಣ್ಣಿನ ಸಂದುಗಳಲ್ಲಿರುವ ಗಾಳಿಯಲ್ಲಿ. ಆ ಸಂದುಗಳಲ್ಲಿ ನೀರು ತುಂಬಿತು ಅನ್ನಿ, ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು 10,000 ಪಟ್ಟು ನಿಧಾನ. ಆಟಿ ತಿಂಗಳ ಜೋರು ಮಳೆಯಲ್ಲಿ ಬುಡದಲ್ಲಿ ನೀರು ನಿಲ್ಲಿಸಿಕೊಂಡು, ಮೇಲಿಂದ ಸ್ಯೂಡೋಮೊನಾಸ್ ಪೌಡರಿನ ಪ್ಯಾಕೆಟ್ ಸುರಿದು, "ಸ್ಯೂಡೋಮೊನಾಸ್ ಕೆಲಸ ಮಾಡ್ಲಿಲ್ಲ" ಅಂದರೆ ಆ ಪಾಪದ ಬ್ಯಾಕ್ಟೀರಿಯಾ ಏನು ಮಾಡಬೇಕು? ಹಾಗಾಗಿ ಅಕ್ಕನಿಗೆ ಮೊದಲು ಹೇಳಿದ್ದು ನೀರು ಹರಿದು ಹೋಗಲು ಕಣಿ ಬಿಡಿಸಲು. ಸತ್ತ ಗಿಡವನ್ನು ಸುತ್ತಲಿನ ಮಣ್ಣಿನ ಸಮೇತ ತೆಗೆದು ದೂರ ಹಾಕಲು. ಆಮೇಲೆ ಚೆನ್ನಾಗಿ ಕಳಿತ ಹಟ್ಟಿಗೊಬ್ಬರದಲ್ಲಿ ಸ್ಯೂಡೋಮೊನಾಸ್ ಬೆರೆಸಿ ಉಳಿದ ಗಿಡಗಳ ಬುಡಕ್ಕೆ ಕೊಡಲು. ಸುಡುಮಣ್ಣು ಹಾಕುವವರಾದರೆ ಅದು ಪೂರ್ತಿ ಆರಿದ ಮೇಲೆಯೇ.

ಪ್ಯಾಕೆಟ್ಟಿನ ಮೇಲಿನ ತಾರೀಕು ನೋಡಿ. ಸ್ಯೂಡೋಮೊನಾಸ್‌ಗೆ ಬ್ಯಾಸಿಲಸ್ ಹಾಗೆ ಗಟ್ಟಿ ಬೀಜಕಣ ಇಲ್ಲ, ಏಪ್ರಿಲ್ ತಿಂಗಳಲ್ಲಿ ಶೀಟಿನ ಮಾಡಿನ ಕೆಳಗೆ ಇಟ್ಟರೆ ನಿಮ್ಮ ಕೈಗೆ ಉಳಿಯುವುದು ಬರೀ ಪೌಡರ್.

ಅಡಿಕೆಯವರೂ ಕೇಳುತ್ತಾರೆ, ಕೊಳೆರೋಗಕ್ಕೆ ಮೈಲುತುತ್ತು-ಸುಣ್ಣದ ಬೋರ್ಡೋ ದ್ರಾವಣ ಬಿಟ್ಟು ಇದನ್ನೇ ಹೊಡೆಯಬಹುದಾ ಅಂತ. ಕೊಳೆರೋಗ ತರುವ ಫೈಟೋಫ್ತೋರಾ ಎಂಬ ಜೀವಿ ನಿಜವಾದ ಶಿಲೀಂಧ್ರವೇ ಅಲ್ಲ. ಅದಿರಲಿ, ತಟ್ಟೆಯಲ್ಲಿ ಅದೂ ಮುದುಡುತ್ತದೆ. ಆದರೆ ಮರದ ತುದಿಯ ಗೊನೆಗೆ ಮುಚ್ಚಳ ಎಲ್ಲಿದೆ ಮಾರಾಯ್ರೆ? ಮಳೆಗಾಳಿಗೆ ಅನಿಲ ಒಂದು ಕ್ಷಣ ನಿಲ್ಲುವುದಿಲ್ಲ. ಅಲ್ಲಿಗೆ ಇನ್ನೂ ಮೈಲುತುತ್ತು, ಸುಣ್ಣವೇ ಗತಿ. ಬೋರ್ಡೋ ಮತ್ತು ಬ್ಯಾಕ್ಟೀರಿಯಾವನ್ನು ಒಂದೇ ಡ್ರಮ್ಮಿನಲ್ಲಿ ಮಾತ್ರ ಕಲಸಬೇಡಿ. ಮೈಲುತುತ್ತಿನ ತಾಮ್ರ ಕೊಳೆರೋಗದ ಜೀವಿಯನ್ನೂ ಬಿಡುವುದಿಲ್ಲ, ಒಳ್ಳೆ ಬ್ಯಾಕ್ಟೀರಿಯಾವನ್ನೂ ಬಿಡುವುದಿಲ್ಲ.

ಅಕ್ಕ ಮೊನ್ನೆ ಫೋನ್ ಮಾಡಿದ್ದರು. ಕಣಿ ಬಿಡಿಸಿದ ಕಡೆ ಮತ್ತೆ ಗಿಡ ಸತ್ತಿಲ್ಲವಂತೆ. ಕಣಿಯಿಂದಲೋ, ಗೊಬ್ಬರದಿಂದಲೋ, ನಾರುವ ಬ್ಯಾಕ್ಟೀರಿಯಾದಿಂದಲೋ ನನಗೆ ಹೇಳಲಾಗದು, ಮೂರೂ ಒಟ್ಟಿಗೆ ಮಾಡಿಸಿದ್ದು ನಾನೇ. ಈ ಮಳೆಗಾಲಕ್ಕೆ ಒಂದು ಸಾಲಿಗೆ ಬರೀ ಕಣಿ ಸಾಕು, ಪ್ಯಾಕೆಟ್ ಬೇಡ ಅಂದಿದ್ದೇನೆ. "ಆ ಸಾಲು ಸತ್ರೆ?" ಅಂದರು. ಸಣ್ಣ ಸಾಲನ್ನೇ ಆರಿಸಿದ್ದೇವೆ.