ನಿಸರ್ಗದ ಸೇವೆಗೆ ಬೆಲೆ: ಯಾವ ನಿರ್ಧಾರಕ್ಕಾಗಿ?

1997ರಲ್ಲಿ ಪರಿಸರ ಅರ್ಥಶಾಸ್ತ್ರಜ್ಞ ರಾಬರ್ಟ್ ಕೊಸ್ಟಾಂಜಾ ಮತ್ತು ಸಂಗಡಿಗರು ಭೂಮಿಯ ಪರಿಸರ ವ್ಯವಸ್ಥೆಗಳು ಮನುಷ್ಯನಿಗೆ ಒದಗಿಸುವ, ನೀರು ಶುದ್ಧವಾಗಿಡುವುದು, ಪರಾಗಸ್ಪರ್ಶದಂಥ ಸೇವೆಗಳ ವಾರ್ಷಿಕ ಮೌಲ್ಯವನ್ನು ಸುಮಾರು 33 ಲಕ್ಷ ಕೋಟಿ ಡಾಲರ್ ಎಂದು ಅಂದಾಜಿಸಿದರು. ಅಂದಿನ ಜಗತ್ತಿನ ಒಟ್ಟು ಉತ್ಪನ್ನವನ್ನೂ ಮೀರಿದ ಈ ಮೊತ್ತ ಎಲ್ಲರ ಗಮನ ಸೆಳೆಯಿತಾದರೂ, ಅದನ್ನು ಮುಂದಿಟ್ಟುಕೊಂಡು ಯಾವ ನಗರಾಡಳಿತವೂ ಯಾವ ಕಂಪನಿಯೂ ಏನನ್ನೂ ನಿರ್ಧರಿಸಲಾರದು. ಇಡೀ ನಿಸರ್ಗವನ್ನು ಮಾರುವವರಿಲ್ಲ, ಕೊಳ್ಳುವವರೂ ಇಲ್ಲ. ಆಡಳಿತಕ್ಕೆ ಬೇಕಾದದ್ದು ಇಂಥ ಕಾಡು ಉಳಿದರೆ ಯಾರಿಗೆ ಎಷ್ಟು ಉಳಿತಾಯ, ಅಳಿದರೆ ಯಾರ ಮೇಲೆ ಎಷ್ಟು ಹೊರೆ ಎಂಬ ಲೆಕ್ಕ.

ಅದೇ ವರ್ಷ ನ್ಯೂಯಾರ್ಕ್ ನಗರ ಮಾಡಿಕೊಂಡ ಒಪ್ಪಂದದಲ್ಲಿ ಇಂಥ ಲೆಕ್ಕವಿತ್ತು. ಕ್ಯಾಟ್ಸ್‌ಕಿಲ್ ಮತ್ತು ಡೆಲವೇರ್ ಜಲಾನಯನ ಪ್ರದೇಶಗಳಿಂದ ನಗರಕ್ಕೆ ಬರುವ ಕುಡಿಯುವ ನೀರಿಗೆ ಶೋಧನಾ ಘಟಕ ಕಟ್ಟಲು ಅಂದಿನ ಅಂದಾಜಿನಂತೆ 600ರಿಂದ 800 ಕೋಟಿ ಡಾಲರ್ ಬೇಕಿತ್ತು. ಜಲಾನಯನವನ್ನೇ ಕಾಪಾಡಲು ಸುಮಾರು 150 ಕೋಟಿ ಸಾಕಿತ್ತು. ನಗರ ಎರಡನೆಯ ದಾರಿ ಹಿಡಿದು, ಮಾರಲು ಒಪ್ಪಿದವರಿಂದ ಜಮೀನು ಕೊಂಡಿತು, ಮೇಲ್ಭಾಗದ ಊರುಗಳ ಶೌಚಗುಂಡಿಗಳ ದುರಸ್ತಿಗೆ ಹಣ ಕೊಟ್ಟಿತು, ಗೊಬ್ಬರ ಹಳ್ಳ ಸೇರದಂತೆ ತಡೆಯಲು ರೈತರಿಗೆ ನೆರವಾಯಿತು. ಇಲ್ಲಿ ಹಣ ಕೊಡುವವರು ಯಾರು, ಪಡೆಯುವವರು ಯಾರು, ಪರ್ಯಾಯದ ಖರ್ಚೆಷ್ಟು ಎಂಬುದೆಲ್ಲ ಸ್ಪಷ್ಟವಿತ್ತು. ಆದರೂ ಒಂದು ಮಾತು ನೆನಪಿರಲಿ: ಆ ಲೆಕ್ಕ ನೀರಿನದಷ್ಟೇ, ಆ ಕಾಡಿನ ಹಕ್ಕಿಗಳು ಅದರಲ್ಲಿ ಇರಲಿಲ್ಲ.

ಕಂಪನಿಗಳ ಪಾಲಿಗೆ ಇದು ಇನ್ನೂ ಕಠಿಣ, ಏಕೆಂದರೆ ಅವು ಮಾಡುವ ಹಾನಿ ಅವುಗಳ ಕಣ್ಣಿಗೆ ಬೀಳದ ಜಾಗದಲ್ಲಿರುತ್ತದೆ. ಕ್ರೀಡಾ ಪಾದರಕ್ಷೆ ತಯಾರಿಸುವ ಪೂಮಾ 2010ರ ತನ್ನ ಪರಿಸರ ಹಾನಿಯನ್ನು 14.5 ಕೋಟಿ ಯೂರೋ ಎಂದು ಲೆಕ್ಕ ಹಾಕಿದಾಗ, ಅದರಲ್ಲಿ ಕಂಪನಿಯ ಸ್ವಂತ ಕಚೇರಿ, ಗೋದಾಮು, ಮಳಿಗೆಗಳ ಪಾಲು ಶೇ 6ರಷ್ಟು ಮಾತ್ರವಿತ್ತು. ಅರ್ಧಕ್ಕೂ ಹೆಚ್ಚು ಹಾನಿ ಚರ್ಮ, ಹತ್ತಿ, ರಬ್ಬರ್‌ನಂಥ ಕಚ್ಚಾವಸ್ತು ಹುಟ್ಟುವಲ್ಲೇ ಆಗಿತ್ತು. ಇಂಥ ಲೆಕ್ಕದ ನಿಜವಾದ ಉಪಯೋಗ, ನನ್ನ ಮಟ್ಟಿಗೆ, ಒಟ್ಟು ಮೊತ್ತಕ್ಕಿಂತ ಅದು ಬೆರಳು ತೋರಿಸುವ ಜಾಗದಲ್ಲಿದೆ.

ದೇಶಗಳ ಮಟ್ಟದಲ್ಲಿ ವಿಶ್ವಸಂಸ್ಥೆಯ ಸಾಂಖ್ಯಿಕ ಆಯೋಗ 2021ರಲ್ಲಿ ಪರಿಸರ ವ್ಯವಸ್ಥೆಗಳ ಲೆಕ್ಕಪದ್ಧತಿಯೊಂದನ್ನು ಅಂಗೀಕರಿಸಿತು. ಕಾಡು, ಜೌಗುಗಳ ವಿಸ್ತಾರ, ಸ್ಥಿತಿ ಮತ್ತು ಸೇವೆಗಳನ್ನು ಭೌತಿಕ ಪ್ರಮಾಣದಲ್ಲಿ ಅಳೆಯುವ ಅಧ್ಯಾಯಗಳಿಗೆ ಅದು ಅಂತರರಾಷ್ಟ್ರೀಯ ಮಾನದಂಡದ ಸ್ಥಾನ ನೀಡಿತು. ಅವನ್ನು ಹಣಕ್ಕೆ ಪರಿವರ್ತಿಸುವ ಅಧ್ಯಾಯಗಳಿಗೆ ಆ ಸ್ಥಾನ ಕೊಡಲಿಲ್ಲ.